ಕಾಸಿಲ್ಲದ ಕುಂಚ

ಮೊನ್ನೆ ನೆರೆಮನೆಯ ಮಿತ್ರರು ಚಿಂತಾಕ್ರಾಂತರಾಗಿ ಬಂದರು. ಮಗಳು ಕಂಪ್ಯೂಟರಿನಲ್ಲಿ ಚಿತ್ರ ಬರೆಯಲು ಕಲಿಯುತ್ತಿದ್ದಾಳೆ. ಅದಕ್ಕೆ ಬೇಕೆಂದ ಹೆಸರಾಂತ ತಂತ್ರಾಂಶಕ್ಕೆ ತಿಂಗಳು ತಿಂಗಳೂ ಚಂದಾ ತೆರಬೇಕು. ತೆರುವುದು ನಿಂತಿತೋ, ಕುಂಚವೂ ಕೈಬಿಟ್ಟಂತೆಯೇ! "ಕಳ್ಳಪ್ರತಿಯೊಂದನ್ನು ತಂದುಕೊಡುವೆನೆಂದು ಒಬ್ಬರು ಹೇಳುತ್ತಾರೆ. ಏನು ಮಾಡಲಿ?" ಎಂದರು.

ಕಲೆಯ ಮೊದಲ ಪಾಠ ಕಳವಿನಿಂದ ಆರಂಭವಾಗಬೇಕೆ? ಅದರ ಅಗತ್ಯವೇ ಇಲ್ಲ. ‘ಕ್ರಿತಾ’ ಎಂಬ ತಂತ್ರಾಂಶವೊಂದಿದೆ. ಸ್ವೀಡಿಷ್ ಭಾಷೆಯಲ್ಲಿ ಆ ಪದಕ್ಕೆ ಸೀಮೆಸುಣ್ಣವೆಂದರ್ಥ. 1999ರಲ್ಲಿ ಮೊಳೆತ ಈ ಯೋಜನೆಯನ್ನು ಸ್ವಯಂಸೇವಕರೂ ದಾನಿಗಳೂ ಪೋಷಿಸಿದ್ದಾರೆ. ನೂರಕ್ಕೂ ಮಿಕ್ಕ ಕುಂಚಗಳು, ಒಂದರ ಮೇಲೊಂದು ಹರಡುವ ಪದರಗಳು, ನಡುಗುವ ಕೈಯ ಗೆರೆಯನ್ನು ಹದಗೊಳಿಸುವ ಉಪಾಯ ಎಲ್ಲವೂ ಅದರಲ್ಲುಂಟು. ಬರೆದ ಚಿತ್ರವನ್ನು ಮಾರಿದರೂ ಯಾರಿಗೂ ಶುಲ್ಕ ಸಲ್ಲಿಸಬೇಕಾಗಿಲ್ಲ. ಛಾಯಾಚಿತ್ರ ತಿದ್ದಲು, 1996ರಲ್ಲಿ ಮೊದಲು ಹೊರಬಂದ ‘ಗಿಂಪ್’ ಇದೆ. ಲಾಂಛನ, ಗೆರೆಚಿತ್ರಗಳಿಗೆ ‘ಇಂಕ್‌ಸ್ಕೇಪ್’ ಇದೆ. ಯಾವುದನ್ನೇ ಆಗಲಿ ಅದರ ಅಧಿಕೃತ ತಾಣದಿಂದಲೇ ಪಡೆಯುವುದು ಕ್ಷೇಮ.

ಹೊಸ ಮನೆಯ ಬೀಗದಂತೆ, ಇವುಗಳಿಗೂ ಕೈ ಒಗ್ಗಲು ಕೆಲವು ದಿನ ಬೇಕು. ಮಿತ್ರರಿಗೆ ನಾನು ಹೇಳಿದ್ದಿಷ್ಟೆ: ಉಳಿದ ಹಣದಲ್ಲಿ ಮಗಳಿಗೆ ಚಿತ್ರ ಬರೆಯುವ ಫಲಕವನ್ನೂ ಲೇಖನಿಯನ್ನೂ ಕೊಡಿಸಿ. ಕುಂಚ ಅಗ್ಗವಾಗಿರಬಹುದು, ಅಭ್ಯಾಸಕ್ಕೆ ಮಾತ್ರ ಅಗ್ಗದ ಬದಲಿಯಿಲ್ಲ.