ಪರವಾನಗಿಗಿಂತ ಪಾಠ ಮುಖ್ಯ

ಆತ್ಮರಕ್ಷಣೆಗೆಂದು ಮೊದಲ ಬಾರಿ ಪಿಸ್ತೂಲು ಕೊಳ್ಳುವವರಲ್ಲಿ, ಪರವಾನಗಿ ದೊರೆತರೆ ಸಾಕೆಂಬ ಭಾವನೆಯಿದೆ. ಆದರೆ 2016ರ ಶಸ್ತ್ರಾಸ್ತ್ರ ನಿಯಮಾವಳಿಯು ಅರ್ಜಿದಾರರಿಗೆ ಸುರಕ್ಷತಾ ತರಬೇತಿಯನ್ನೂ ವಿಧಿಸಿದೆ. ಅದನ್ನು ಕೇವಲ ಕಾಗದದ ಶಾಸ್ತ್ರವೆಂದು ಬಗೆಯುವುದು ಅಪಾಯಕ್ಕೆ ಆಹ್ವಾನವೆಂದೇ ನಾವು ಭಾವಿಸುತ್ತೇವೆ.

ಮ್ಯಾಗಜೀನ್ ಕಳಚಿದ ಮಾತ್ರಕ್ಕೆ ಪಿಸ್ತೂಲು ಬರಿದಾಗುವುದಿಲ್ಲ. ನಳಿಗೆಯ ಹಿಂಬದಿಯಲ್ಲಿ ಒಂದು ಗುಂಡು ಉಳಿದಿರಬಹುದು. ಶುಚಿಗೊಳಿಸಲು ಕುಳಿತವರ ಕೈಯಲ್ಲೇ ಅದು ಸಿಡಿಯಬಹುದು. ಆದುದರಿಂದ ಮ್ಯಾಗಜೀನ್ ತೆಗೆದ ಬಳಿಕ ಸ್ಲೈಡನ್ನು ಹಿಂದಕ್ಕೆಳೆದು ಕಣ್ಣಾರೆ ಪರೀಕ್ಷಿಸಬೇಕು. ಬರಿದೆಂದು ತಿಳಿದ ಮೇಲೂ ಯಾರೆಡೆಗೂ ಗುರಿ ಹಿಡಿಯಬಾರದು. ಆಯುಧವನ್ನೂ ಗುಂಡುಗಳನ್ನೂ ಬೇರೆ ಬೇರೆಯಾಗಿ ಬೀಗ ಹಾಕಿಡಬೇಕು.

ಮನೆಯ ರಕ್ಷಣೆಗೆಂದು ತಂದ ಆಯುಧವು ಮನೆಯ ಮಗುವಿನ ಕೈ ಸೇರಿದರೆ ಹೊಣೆ ಯಾರದು? ಇಷ್ಟನ್ನು ಕಲಿಯುವ ಸಹನೆಯಿಲ್ಲದವರು ಅದನ್ನು ಹೊಸ್ತಿಲೊಳಗೆ ತರದಿರುವುದೇ ಲೇಸು.