ಸತ್ತ ಮರಿಗಳ ಲೆಕ್ಕ ಎಲ್ಲಿದೆ?

ಕಳೆದ ತಿಂಗಳ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಅವನಿಗೆ ಇಬ್ಬರು ಮಕ್ಕಳು, ಸ್ವಂತ ಅಂಗಡಿ, ಮನೆಯ ತಾರಸಿಯ ಮೇಲೆ ಇಪ್ಪತ್ತು ಪಂಜರಗಳು. ಹಕ್ಕಿಗಳ ಪ್ರದರ್ಶನದಲ್ಲಿ ಬಹುಮಾನ ಗೆಲ್ಲಬೇಕೆಂಬುದು ಅವನ ಆಸೆ. ಕೈಯಲ್ಲಿದ್ದ ಪುಟ್ಟ ಪಂಜರದ ಬಟ್ಟೆ ಸರಿಸಿ ಒಂದು ಹಸಿರು ಹೆಣ್ಣುಹಕ್ಕಿಯನ್ನು ತೋರಿಸಿದ.

"ಸಾರ್, ನೋಡೋಕೆ ಹಸಿರು. ಆದ್ರೆ ಒಳಗೆ ಲುಟಿನೋ ಸ್ಪ್ಲಿಟ್ ಅಂತೆ. ಅದಕ್ಕೇ ಎರಡರಷ್ಟು ದುಡ್ಡು ಕೊಟ್ಟು ತಂದೆ."

"ಯಾರಪ್ಪಾ ಹಾಗೆ ಹೇಳಿದ್ದು?"

"ಮಾರಿದವರೇ ಸಾರ್."

ಇವನಿಗೆ ಹತ್ತನೆಯ ತರಗತಿಯಲ್ಲಿ ಅನುವಂಶೀಯತೆಯ ಪಾಠ ಹೇಳಿದವನು ನಾನೇ. ಮೆಂಡೆಲನ ಬಟಾಣಿ ಗಿಡಗಳ ಬಗ್ಗೆ ಚೆನ್ನಾಗಿಯೇ ಉತ್ತರ ಬರೆದು ಅಂಕ ಪಡೆದ ಹುಡುಗ. ಇಪ್ಪತ್ತು ವರ್ಷಗಳ ನಂತರ ಅದೇ ಪಾಠ ಅವನ ಜೇಬನ್ನು ಉಳಿಸಲಿಲ್ಲವೆಂದರೆ ತಪ್ಪು ಅವನದೊಂದೇ ಅಲ್ಲ. ಆದ್ದರಿಂದ ಈ ಬರಹದಲ್ಲಿ ನಾನು ಆಡುವ ಕಟುವಾದ ಮಾತುಗಳಲ್ಲಿ ಅರ್ಧ ಪಾಲು ನನಗೇ ಸಲ್ಲಬೇಕು.

ನಾನು ಹೇಳುತ್ತಿರುವುದು ನಮ್ಮ ಕಡೆ ಎಲ್ಲರೂ 'ಲವ್ ಬರ್ಡ್ಸ್' ಎಂದು ಕರೆಯುವ ಹಕ್ಕಿಯ ಬಗ್ಗೆ. ನಿಜವಾದ ಲವ್ ಬರ್ಡ್‌ಗಳು ಆಫ್ರಿಕಾ ಖಂಡದವು. ಇದರ ಸರಿಯಾದ ಹೆಸರು ಬಜರಿಗಾರ್, ತವರು ಆಸ್ಟ್ರೇಲಿಯಾದ ಒಣ ಬಯಲು. ನಮ್ಮ ನಾಡಿನ ಗಿಣಿಗಳನ್ನು ಪಂಜರದಲ್ಲಿಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸುತ್ತದೆ. ಹೊರನಾಡಿನ ಈ ಹಕ್ಕಿಗೆ ಆ ನಿಷೇಧವಿಲ್ಲ. ಕಾಡಿನಲ್ಲಿ ಅದು ಹಸಿರು ಮೈ, ಹಳದಿ ಮುಖದ ಹಕ್ಕಿ. 1840ರಲ್ಲಿ ಜಾನ್ ಗೌಲ್ಡ್ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ತಂದ ಮೇಲೆ ಪಂಜರದೊಳಗೆ ಬಣ್ಣಗಳು ಒಂದೊಂದಾಗಿ ಕಾಣಿಸಿಕೊಂಡವು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೆಲ್ಜಿಯಂನಲ್ಲಿ ನೀಲಿ, 1915ರ ಹೊತ್ತಿಗೆ ಫ್ರಾನ್ಸಿನಲ್ಲಿ ಕಡು ಹಸಿರು, 1970ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಸ್ಪ್ಯಾಂಗಲ್ ಎಂಬ ಬಳ್ಳಿಯಂಚಿನ ರೆಕ್ಕೆಯ ತಳಿ. 1925ರಲ್ಲಿ ಇಂಗ್ಲೆಂಡಿನಲ್ಲಿ ಬಜರಿಗಾರ್ ಕ್ಲಬ್ ಹುಟ್ಟಿತು. ಬಣ್ಣದ ಜೊತೆಗೆ ಅಳತೆ, ಭಂಗಿ, ಕತ್ತಿನ ಚುಕ್ಕೆಗಳು ಎಲ್ಲವೂ ಅಂಕಗಳಿಗೆ ಒಳಪಟ್ಟವು.

ನನ್ನ ವಾದ ಇಷ್ಟೇ: ಕಾಗದದ ಮೇಲೆ ಯೋಜನೆ ಬರೆಯದೆ ಎರಡು ಹಕ್ಕಿಗಳನ್ನು ಒಂದು ಪಂಜರಕ್ಕೆ ಬಿಡುವವನಿಗೆ ಹಕ್ಕಿ ಸಾಕುವ ಹಕ್ಕಿಲ್ಲ. ಬರೆದರೂ, ಆ ಪುಸ್ತಕದಲ್ಲಿ ಸತ್ತ ಮರಿಗಳಿಗೊಂದು ಅಂಕಣವಿಲ್ಲದಿದ್ದರೆ ಅದು ಲೆಕ್ಕವೇ ಅಲ್ಲ.

ಮೊದಲು ಆ ಹಸಿರು ಹೆಣ್ಣಿನ ಸಂಗತಿ. 'ಸ್ಪ್ಲಿಟ್' ಎಂದರೆ ಒಂದು ದುರ್ಬಲ ಗುಣವನ್ನು ಹೊರಗೆ ತೋರದೆ ಒಳಗೆ ಹೊತ್ತ ಹಕ್ಕಿ. ಕೆಂಪು ಕಣ್ಣಿನ ಹಳದಿ ಹಕ್ಕಿಯಾದ ಲುಟಿನೋ, ಒಪಲೈನ್, ಸಿನಮನ್, ಈ ಗುಣಗಳ ವಂಶವಾಹಿ ಝಡ್ ಎಂಬ ಲಿಂಗ ವರ್ಣತಂತುವಿನ ಮೇಲಿದೆ. ಮನುಷ್ಯರಿಗೆ ವ್ಯತಿರಿಕ್ತವಾಗಿ ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದು ಝಡ್ ಮತ್ತು ಒಂದು ಡಬ್ಲ್ಯು. ಹೆಣ್ಣಿಗೆ ಇರುವುದೇ ಒಂದು ಝಡ್ ಆದಮೇಲೆ ಬಚ್ಚಿಡಲು ಅವಳಿಗೆ ಸ್ಥಳವೆಲ್ಲಿ? ಲುಟಿನೋ ಗುಣ ಇದ್ದರೆ ಅವಳು ಲುಟಿನೋ ಆಗಿಯೇ ಕಾಣುತ್ತಾಳೆ; ಕಾಣದಿದ್ದರೆ ಅದು ಅವಳಲ್ಲಿಲ್ಲ. 'ಲುಟಿನೋ ಸ್ಪ್ಲಿಟ್ ಹೆಣ್ಣು' ಎಂಬುದು ಮೊಲದ ಕೊಂಬು. ಅದನ್ನು ಮಾರಿದವರು ತಿಳಿದು ಮಾರಿದರೋ ತಿಳಿಯದೆಯೋ, ಕೊಂಡವನ ಹಣವಂತೂ ಹೋಯಿತು.

ಇದೇ ನಿಯಮವನ್ನು ತಿಳಿದವನು ಬಳಸಿಕೊಳ್ಳಬಹುದು. ಲುಟಿನೋ ಗಂಡಿಗೆ ಸಾಮಾನ್ಯ ಹಸಿರು ಹೆಣ್ಣನ್ನು ಜೋಡಿ ಮಾಡಿದರೆ ಹೆಣ್ಣುಮರಿಗಳೆಲ್ಲ ಲುಟಿನೋ, ಗಂಡುಮರಿಗಳೆಲ್ಲ ಹಸಿರು ಸ್ಪ್ಲಿಟ್. ಗರಿ ಮೂಡುವ ಮೊದಲೇ ಕೆಂಪು ಕಣ್ಣು ನೋಡಿ ಇದು ಹೆಣ್ಣು ಎಂದು ಹೇಳಬಹುದು. ಜೋಡಿಯನ್ನು ತಿರುವು ಮುರುವು ಮಾಡಿ ಹಸಿರು ಗಂಡಿಗೆ ಲುಟಿನೋ ಹೆಣ್ಣನ್ನು ಕೊಟ್ಟರೆ ಒಂದು ಮರಿಯೂ ಲುಟಿನೋ ಆಗುವುದಿಲ್ಲ. ಕಾಗದದ ಮೇಲೆ ನಾಲ್ಕು ಮನೆ ಎಳೆದರೆ ಎರಡು ನಿಮಿಷದಲ್ಲಿ ತಿಳಿಯುವ ವಿಷಯಕ್ಕೆ ಜನ ವರ್ಷಗಟ್ಟಲೆ ಕಾಯುತ್ತಾರೆ. ಕೊನೆಗೆ "ಈ ಹೆಣ್ಣು ಸರಿಯಿಲ್ಲ" ಎಂದು ಮಾರಿಬಿಡುತ್ತಾರೆ.

ಎರಡನೆಯದು ಕೋಬಾಲ್ಟ್ ಎಂಬ ಕಡು ನೀಲಿಯ ಮೋಹ. ಕೋಬಾಲ್ಟ್ ಬೇಕಾದವರು ಕೋಬಾಲ್ಟಿಗೆ ಕೋಬಾಲ್ಟನ್ನೇ ಜೋಡಿ ಮಾಡುತ್ತಾರೆ. ಮರಿಗಳಲ್ಲಿ ಸರಾಸರಿ ಅರ್ಧ ಮಾತ್ರ ಕೋಬಾಲ್ಟ್, ಉಳಿದವು ಆಕಾಶನೀಲಿ ಮತ್ತು ಬೂದಿ ಛಾಯೆಯ ಮಾವ್. ಆ ಬೂದು ಮರಿಯನ್ನು ಕಂಡರೆ ಮುಖ ಸಿಂಡರಿಸಿ ಮೊದಲು ಮಾರುವುದು ಅದನ್ನೇ. ಆದರೆ ಅದೇ ಬೂದು ಹಕ್ಕಿಯನ್ನು ಆಕಾಶನೀಲಿಗೆ ಜೋಡಿ ಮಾಡಿದರೆ ಹುಟ್ಟುವ ಪ್ರತಿಯೊಂದು ಮರಿಯೂ ಕೋಬಾಲ್ಟ್! ಕುರೂಪಿ ಎಂದು ತಳ್ಳಿದವನೇ ಮನೆತನ ಉಳಿಸುವ ಕಥೆಗಳನ್ನು ನಮ್ಮ ಅಜ್ಜಿಯರು ಎಷ್ಟು ಹೇಳಿಲ್ಲ!

ಮೂರನೆಯದು ಅನುಪಾತದ ಭ್ರಮೆ. ಇದು ನಮ್ಮ ಪಾಠದ ಕ್ರಮದಿಂದಲೇ ಹುಟ್ಟಿದ ರೋಗ. ನೀಲಿಯನ್ನು ಒಳಗೆ ಹೊತ್ತ ಎರಡು ಹಸಿರು ಹಕ್ಕಿಗಳ ಮರಿಗಳಲ್ಲಿ ಮೂರು ಹಸಿರಿಗೆ ಒಂದು ನೀಲಿ ಎಂದು ಕರಿಹಲಗೆಯ ಮೇಲೆ ಬರೆದುಬಿಡುತ್ತೇವೆ. ನಾಲ್ಕು ಮರಿಗಳಲ್ಲಿ ನೀಲಿ ಕಾಣದಿದ್ದರೆ ಹಕ್ಕಿ ಸಾಕಿದವನು ಮೋಸ ಹೋದೆನೆಂದು ಕೂಗುತ್ತಾನೆ. ಪ್ರತಿ ಮೊಟ್ಟೆಯೂ ಹೊಸದಾಗಿ ಚಿಮ್ಮಿದ ನಾಣ್ಯ. ಹಿಂದಿನ ಮೊಟ್ಟೆ ಏನಾಯಿತೆಂಬುದು ಅದಕ್ಕೆ ಗೊತ್ತಿಲ್ಲ. ಮುಕ್ಕಾಲನ್ನು ಮುಕ್ಕಾಲಿನಿಂದ ಗುಣಿಸುತ್ತ ನಾಲ್ಕು ಮೊಟ್ಟೆಗಳಿಗೆ ಲೆಕ್ಕ ಹಾಕಿ: 256ಕ್ಕೆ 81. ಅಂದರೆ ನಾಲ್ಕು ಮರಿಗಳ ನೂರು ಗೂಡುಗಳಲ್ಲಿ ಸುಮಾರು 32ರಲ್ಲಿ ಒಂದೂ ನೀಲಿ ಇರುವುದಿಲ್ಲ. ಇದು ಮೋಸವಲ್ಲ, ಗಣಿತ. ಮೂವತ್ತು ವರ್ಷ ನಾನು 3:1 ಬರೆಸಿದೆ. ಈ ಗುಣಾಕಾರವನ್ನು ಒಮ್ಮೆಯೂ ಮಾಡಿಸಲಿಲ್ಲ.

ಇನ್ನು ನನ್ನದೇ ತಪ್ಪಿಗೆ ಬರುತ್ತೇನೆ. 1998ರಲ್ಲಿ ನನ್ನ ಬಳಿ ತಲೆಯ ಮೇಲೆ ಜುಟ್ಟಿನ ಗರಿಗಳಿದ್ದ ಒಂದು ಜೋಡಿ ಇತ್ತು. ಗಂಡಿಗೂ ಜುಟ್ಟು, ಹೆಣ್ಣಿಗೂ ಜುಟ್ಟು. ಮರಿಗಳೆಲ್ಲ ಜುಟ್ಟಿನವೇ ಆಗುತ್ತವೆಂದು ಹಿಗ್ಗಿದ್ದೆ. ಗೋಡೆಗೆ ಮಡಕೆ ಕಟ್ಟಿ, ನವಣೆ, ಕಡಲ ನೊರೆ ಎಲ್ಲ ಇಟ್ಟೆ. ಎರಡು ಸೂಲಿನಲ್ಲಿ ಹನ್ನೊಂದು ಮೊಟ್ಟೆ. ಟಾರ್ಚ್ ಹಿಡಿದು ನೋಡಿದರೆ ಎಲ್ಲದರಲ್ಲೂ ಕೆಂಪು ನಾಳಗಳು ಹರಡಿದ್ದವು. ಹದಿನೆಂಟು ದಿನಗಳ ಕಾವು ಮುಗಿದರೂ ನಾಲ್ಕು ಒಡೆಯಲಿಲ್ಲ. ನಾನೇ ಒಡೆದು ನೋಡಿದೆ. ರೂಪ ಮೂಡಿದ ಮರಿಗಳು ಚಿಪ್ಪಿನೊಳಗೇ ಸತ್ತಿದ್ದವು. ನನ್ನ ಪುಸ್ತಕದಲ್ಲಿ ಬದುಕಿದ ಏಳು ಮರಿಗಳ ಬಣ್ಣವನ್ನು ಅಂದವಾಗಿ ಬರೆದೆ. ಉಳಿದ ನಾಲ್ಕರ ಬಗ್ಗೆ ಒಂದಕ್ಷರವೂ ಇಲ್ಲ. "ಈ ಹೆಣ್ಣಿಗೆ ಕಾವು ಕೊಡಲು ಬರುವುದಿಲ್ಲ" ಎಂದು ಅದನ್ನು ಕೊಟ್ಟುಬಿಟ್ಟೆ. ನನ್ನಾಕೆ ಅಂದು ಒಂದೇ ಮಾತು ಹೇಳಿದ್ದಳು: "ನೀವು ಜೋಡಿ ಮಾಡಿದ್ದು, ಬೈಸಿಕೊಂಡದ್ದು ಅದು."

ಕೆಲವು ವರ್ಷಗಳ ಮೇಲೆ ಓದಿ ತಿಳಿದೆ. ಜುಟ್ಟಿನ ಗುಣ ತಂದೆ ತಾಯಿ ಇಬ್ಬರಿಂದಲೂ ಬಂದರೆ ಭ್ರೂಣ ಸಾಮಾನ್ಯವಾಗಿ ಬದುಕುವುದಿಲ್ಲ. ಆದ್ದರಿಂದಲೇ ಜುಟ್ಟಿಗೆ ಜುಟ್ಟನ್ನು ಜೋಡಿ ಮಾಡಬಾರದೆಂದು ಅನುಭವಿಗಳು ಎಚ್ಚರಿಸುತ್ತಾರೆ. ಸರಳ ಲೆಕ್ಕ ನೋಡಿ. ಜುಟ್ಟಿಗೆ ಜುಟ್ಟು ಸೇರಿಸಿದ ಹನ್ನೆರಡು ಮೊಟ್ಟೆಗಳಲ್ಲಿ ಸರಾಸರಿ ಮೂರು ಸಾಯುತ್ತವೆ, ಆರಕ್ಕೆ ಜುಟ್ಟು, ಮೂರಕ್ಕೆ ಇಲ್ಲ. ಜುಟ್ಟಿನ ಹಕ್ಕಿಗೆ ಬೋಳುತಲೆಯ ಸಾಮಾನ್ಯ ಹಕ್ಕಿಯನ್ನು ಸೇರಿಸಿದರೆ ಹನ್ನೆರಡರಲ್ಲಿ ಆರಕ್ಕೆ ಜುಟ್ಟು, ಆರಕ್ಕೆ ಇಲ್ಲ, ಸಾವಿಲ್ಲ. ಎರಡು ಕಡೆಯೂ ಜುಟ್ಟಿನ ಮರಿಗಳು ಆರೇ! ಒಂದೇ ಒಂದು ಹೆಚ್ಚಿನ ಜುಟ್ಟೂ ಸಿಗದ ಜೂಜಿಗೆ ಮೂರು ಜೀವಗಳನ್ನು ಒಡ್ಡಿದಂತಾಯಿತು. ಪ್ರಕೃತಿಯಲ್ಲಿ ಜುಟ್ಟು ಕೆಲವೊಮ್ಮೆ ಮರೆಯಾಗಿಯೂ ಇರುವುದರಿಂದ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು. ನೀತಿ ಆಚೀಚೆ ಆಗುವುದಿಲ್ಲ.

ಗಂಡು ಮಗು ಹುಟ್ಟಲಿಲ್ಲವೆಂದು ಸೊಸೆಯನ್ನು ದೂಷಿಸುವುದು ತಪ್ಪು, ಅದನ್ನು ನಿರ್ಧರಿಸುವುದು ತಂದೆಯ ವರ್ಣತಂತು ಎಂದು ಪ್ರತಿ ವರ್ಷ ತರಗತಿಯಲ್ಲಿ ಗಂಟಲು ಹರಿದುಕೊಂಡ ಮೇಷ್ಟರು ನಾನು. ಮನೆಯ ಹಿತ್ತಿಲಿನಲ್ಲಿ ಒಂದು ಹೆಣ್ಣುಹಕ್ಕಿಯ ಮೇಲೆ ಅದೇ ಆರೋಪ ಹೊರಿಸಿದ್ದೆ.

"ಮೇಷ್ಟರೇ, ವಿದೇಶದವರು ಎಲ್ಲ ಬರೆದಿಡುತ್ತಾರೆ, ಕಾಲಿಗೆ ವರ್ಷ ನಮೂದಿಸಿದ ಉಂಗುರ ಹಾಕುತ್ತಾರೆ" ಎಂದು ಕೆಲವರು ಹೇಳುವರು. ನಿಜ. ಆದರೆ ಲೆಕ್ಕ ಒಂದೇ ಸಾಲದು ಎಂಬುದಕ್ಕೂ ಅವರಲ್ಲೇ ನಿದರ್ಶನವಿದೆ. ಕಾಡಿನ ಬಜರಿಗಾರ್ ಸುಮಾರು 18 ಸೆಂ.ಮೀ. ಉದ್ದ, ಬ್ರಿಟನ್ನಿನ ಪ್ರದರ್ಶನದ ಆದರ್ಶ ಹಕ್ಕಿಯ ಅಳತೆ ಎಂಟೂವರೆ ಅಂಗುಲ, ಅಂದರೆ 216 ಮಿ.ಮೀ. ತಲೆಯ ಗರಿ ದಟ್ಟವಾಗಲೆಂದು ತಲೆಮಾರುಗಳ ಕಾಲ ಆರಿಸಿ ಆರಿಸಿ, ಕಣ್ಣೇ ಮುಚ್ಚಿಹೋಗುವಂಥ ಹಕ್ಕಿಗಳು ಬಂದಿವೆ. ಅಂಥ ವಂಶಗಳಲ್ಲಿ ಆಗಾಗ ಗರಿಗಳ ಬೆಳವಣಿಗೆಯೇ ನಿಲ್ಲದ ಮರಿ ಹುಟ್ಟುತ್ತದೆ. ಅದು ಸೇವಂತಿಗೆ ಹೂವಿನಂತೆ ಕಾಣುತ್ತದೆ, ಹಾರಲಾರದು, ಬಹುಪಾಲು ಕೆಲವೇ ತಿಂಗಳಲ್ಲಿ ಸಾಯುತ್ತದೆ. ಇದೆಲ್ಲ ಚೊಕ್ಕವಾದ ದಾಖಲೆ ಇಟ್ಟವರ ನಡುವೆಯೇ ಆದದ್ದು.

ಈ ಹಕ್ಕಿಯ ಬಣ್ಣಗಳ ಅನುವಂಶೀಯತೆಯನ್ನು 1920ರ ದಶಕದ ಕೊನೆಯಲ್ಲಿ ಬಿಡಿಸಿ ಹೇಳಿದವರಲ್ಲಿ ಪ್ರಮುಖರು ಜರ್ಮನಿಯ ಬ್ರೆಮೆನ್ ನಗರದ ಹಾನ್ಸ್ ಡಂಕರ್. ಅವರೂ ನನ್ನಂತೆ ಪ್ರೌಢಶಾಲೆಯ ಶಿಕ್ಷಕರು. ಇಂದು ನಾವು ಹಾಕುವ ಕೋಷ್ಟಕಗಳ ಹಿಂದೆ ಅವರ ಶ್ರಮವಿದೆ. ಅದೇ ಡಂಕರ್ ಮನುಷ್ಯರ 'ತಳಿ ಸುಧಾರಣೆ'ಯ ವಾದವನ್ನೂ ಬೆಂಬಲಿಸಿದರು. ಆ ವಾದ ಜರ್ಮನಿಯನ್ನು ಎಲ್ಲಿಗೆ ಕೊಂಡೊಯ್ದಿತೆಂಬುದು ಇತಿಹಾಸ. ಹಕ್ಕಿ ಸಾಕುವವರೆಲ್ಲ ಹಾಗೆ ಎಂದು ನಾನು ಹೇಳುತ್ತಿಲ್ಲ. ಬೇಡವಾದುದನ್ನು ಲೆಕ್ಕದಿಂದ ಅಳಿಸುವ ಕೈಗೆ ಅದು ಬೇಗ ಅಭ್ಯಾಸವಾಗುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

"ಹಾಗಾದರೆ ಪಂಜರಗಳನ್ನೇ ತೆರೆದುಬಿಡಿ" ಎನ್ನುವವರ ಮಾತನ್ನು ನಾನು ಗೌರವಿಸುತ್ತೇನೆ. ಆದರೆ ತಲೆತಲಾಂತರದಿಂದ ನಮ್ಮ ಕೈಯ ಕಾಳು ತಿಂದು ಬೆಳೆದ ನೀಲಿ ಹಕ್ಕಿಯನ್ನು ಹಾರಿಬಿಟ್ಟರೆ ಸಂಜೆಯೊಳಗೆ ಕಾಗೆಯ ಬಾಯಿಗೆ ಬೀಳುತ್ತದೆ. ಆ ನೀಲಿಯಾದರೂ ಏನು? ಹಳದಿ ವರ್ಣದ್ರವ್ಯ ತಯಾರಿಸುವ ವಂಶವಾಹಿಯೊಂದರಲ್ಲಿ ಆದ ಸಣ್ಣ ಬದಲಾವಣೆಯಿಂದ ಹಳದಿ ಹೋಗಿ ನೀಲಿ ಉಳಿಯಿತೆಂದು 2017ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಹಕ್ಕಿ ಕಳೆದುಕೊಂಡದ್ದಕ್ಕೆ ನಾವು ಹೆಚ್ಚು ಬೆಲೆ ಕೊಡುತ್ತೇವೆ. ಹಾಗೆ ಕಳೆದುಕೊಂಡವುಗಳನ್ನು ಕಾಯುವ ಹೊಣೆಯೂ ನಮ್ಮದೇ.

ಬಿ.ಎಡ್. ಓದುವಾಗ ಪಾಠಯೋಜನೆ ಇಲ್ಲದೆ ತರಗತಿಗೆ ಕಾಲಿಡಕೂಡದೆಂದು ನಮ್ಮ ಗುರುಗಳು ಕಟ್ಟುನಿಟ್ಟು ಮಾಡಿದ್ದರು. ಆಗ ಬೇಸರವಾಗುತ್ತಿತ್ತು. ಇಂದು ಜೋಡಿ ಮಾಡುವವರಿಗೆ ನಾನು ಕೇಳುವುದು ಅಂಥದೇ ಒಂದು ಪುಟ. ಎರಡೂ ಹಕ್ಕಿಗಳ ತಂದೆ ತಾಯಿ ಯಾರು, ರಕ್ತಸಂಬಂಧವಿದೆಯೇ? ಅಣ್ಣ ತಂಗಿಯರನ್ನು ಕೂಡಿಸಿದರೆ ಬಣ್ಣ ಬೇಗ ನೆಲೆಯಾಗುತ್ತದೆ, ಜೊತೆಗೆ ಒಳಗಿನ ರೋಗವೂ ನೆಲೆಯಾಗುತ್ತದೆ. ವಯಸ್ಸು ಹತ್ತು ಹನ್ನೆರಡು ತಿಂಗಳು ದಾಟಿದೆಯೇ? ಹೆಣ್ಣು ಹಿಂದೆ ಎಷ್ಟು ಸೂಲು ಕಂಡಿದೆ? ಸತತ ಎರಡರ ಮೇಲೆ ಬೇಡ. ಸುಣ್ಣದ ಅಂಶ ಬತ್ತಿ ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯುವ ಹೆಣ್ಣುಗಳು ಹೆಚ್ಚು. ನಿರೀಕ್ಷೆಯ ಬಣ್ಣವೇನು, ಆ ಬಣ್ಣ ಬರದ ಮರಿಗಳಿಗೆ ಮನೆ ಎಲ್ಲಿ? ಕೊನೆಯ ಅಂಕಣ: ಕಾಯಿಕಟ್ಟದ ಮೊಟ್ಟೆ ಎಷ್ಟು, ಚಿಪ್ಪಿನೊಳಗೆ ಸತ್ತವು ಎಷ್ಟು, ಗೂಡಿನಲ್ಲಿ ಸತ್ತವು ಎಷ್ಟು. ಪ್ರದರ್ಶನ ನಡೆಸುವವರು ಬಹುಮಾನ ಕೊಡುವ ಮುನ್ನ ಈ ಪುಟವನ್ನು ಕೇಳಿ ನೋಡಲಿ. ಅರ್ಧ ಕಪ್‌ಗಳು ಮೇಜಿನ ಮೇಲೆಯೇ ಉಳಿಯುತ್ತವೆ.

ನನ್ನ ವಿದ್ಯಾರ್ಥಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟು ಕಳುಹಿಸಿದೆ. "ಈ ಹೆಣ್ಣನ್ನ ಏನ್ ಮಾಡಲಿ ಸಾರ್? ವಾಪಸ್ ಕೊಡಲಾ?" ಎಂದ. "ಅದೇನಪ್ಪಾ ತಪ್ಪು ಮಾಡಿದೆ? ಗಟ್ಟಿಮುಟ್ಟಾದ ಹಸಿರು ಹಕ್ಕಿ. ನಿನ್ನ ಲುಟಿನೋ ಗಂಡಿಗೆ ಜೋಡಿ ಮಾಡು, ಹೆಣ್ಣುಮರಿಗಳೆಲ್ಲ ಹಳದಿಯೇ ಬರ್ತವೆ" ಎಂದೆ. ಹೊಸ್ತಿಲಲ್ಲೇ ಕುಳಿತು ನಾಲ್ಕು ಮನೆ ಎಳೆದು ನೋಡಿದ. ಆಮೇಲೆ ಅದೇ ಪುಟದ ಕೆಳಗೆ, ನಾನು ಹೇಳದೆಯೇ, ಸತ್ತವು ಎಂದು ಬರೆದು ಎದುರಿಗೆ ಜಾಗ ಬಿಟ್ಟ. ಹತ್ತನೆಯ ತರಗತಿಯಲ್ಲಿ ಕೊಡದೆ ಉಳಿಸಿಕೊಂಡಿದ್ದ ಪಾಠವನ್ನು ಅಂದು ಮುಗಿಸಿದಂತಾಯಿತು.