ಮಂಚದ ಕೆಳಗಿನ ಬೆಕ್ಕು

ವರ್ಕ್ ಫ್ರಂ ಹೋಂ ಸಿಕ್ಕಿದ್ದೇ ತಡ, ಬೆಂಗಳೂರಿನಿಂದ ಶಹಾಬಾದಿಗೆ ಬಂದೆ. ಜೊತೆಗೆ ನಾಲ್ಕು ವರ್ಷದ ಒಂದು ಹೆಣ್ಣು ಬೆಕ್ಕು. ದಿಕ್ಕಿಲ್ಲದ ಬೆಕ್ಕುಗಳನ್ನು ದತ್ತು ಹೋಗುವವರೆಗೆ ಮನೆಯಲ್ಲಿಟ್ಟು ಸಾಕುವ ಫೋಸ್ಟರ್ ಒಬ್ಬರು ಕೊಟ್ಟಿದ್ದು. ಮರಿಗಳನ್ನೆಲ್ಲ ಜನ ಒಯ್ದಿದ್ದರು. ಈ ಅಂಜುಬುರುಕಿ ಮಾತ್ರ ಉಳಿದಿತ್ತು.

ಬಂದದ್ದೇ ಮಂಚದ ಕೆಳಗೆ ಸೇರಿತು. "ಎಂಥಾ ಬೆಕ್ಕು ತಂದಿಯೋ, ಮಾರಿನೇ ತೋರಸವಲ್ದು" ಅಂದಳು ಅವ್ವ. ನಾನು ಇಂಜಿನಿಯರ್ ನೋಡ್ರಿ, ಎಲ್ಲಾ ತಕ್ಷಣ ಸರಿಯಾಗಬೇಕು. ಕೈಹಾಕಿ ಎಳೆಯಲು ಹೋದೆ. ಬುಸ್ ಅಂತು, ಊಟವನ್ನೇ ಬಿಟ್ಟಿತು.

ವಾಪಸ್ ಕೊಡೋಣವೆಂದು ಫೋಸ್ಟರ್‌ಗೆ ಫೋನ್ ಮಾಡಿದೆ. "ಒಂದೇ ಕೋಣೆ ಕೊಡಿ. ಊಟ, ನೀರು, ಲಿಟರ್ ಟ್ರೇ ಅಲ್ಲೇ ಇರಲಿ. ನೀವು ಸುಮ್ಮನೆ ಕೂತಿರಿ. ನಾಳೆಯೂ ತಿನ್ನದಿದ್ದರೆ ಡಾಕ್ಟರ್ ಹತ್ತಿರ ಹೋಗಿ, ಉಪವಾಸ ಬಿದ್ದರೆ ಬೆಕ್ಕಿನ ಲಿವರ್ ಕೆಡುತ್ತೆ" ಅಂದರು.

ಆ ರಾತ್ರಿ ತಟ್ಟೆ ಖಾಲಿಯಾಯಿತು.

ಮುಂದೆ ನೆಲದ ಮೇಲೆ ಕೂತೇ ಕೆಲಸ ಮಾಡಿದೆ. ಅದು ನೋಡಿದಾಗಲೆಲ್ಲ ನಿಧಾನ ಕಣ್ಣು ಮುಚ್ಚಿ ತೆರೆಯುತ್ತಿದ್ದೆ. ಹೀಗೆ ಮಾಡುವವರ ಹತ್ತಿರ ಬೆಕ್ಕು ಬರುವುದು ಹೆಚ್ಚೆಂದು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರ 2020ರ ಅಧ್ಯಯನ ಹೇಳುತ್ತದೆ. ಅವ್ವ ನಕ್ಕಳು.

ಐದನೇ ವಾರ. ಮೇ ತಿಂಗಳ ಉರಿಬಿಸಿಲು. ಪಡಸಾಲೆಯಲ್ಲಿ ನಮ್ಮೂರ ಫರಸಿ ಕಲ್ಲಿನ ತಂಪಿಗೆ ಅವ್ವ ಅಡ್ಡಾಗಿದ್ದಳು. ಅವಳ ಕಾಲ ಬಳಿ ಬೆಕ್ಕು! ನನ್ನನ್ನು ನೋಡಿ, "ಸಪ್ಪಳ ಮಾಡಬ್ಯಾಡ" ಅಂತ ಕಣ್ಣಲ್ಲೇ ಗದರಿದಳು.

ನನ್ನ ಹತ್ತಿರ ಇನ್ನೂ ಬಂದಿಲ್ಲ. ಬರಲಿ ಬಿಡ್ರಿ, ಅವಸರ ಇಲ್ಲ.